ಅಜ್ಜನ ಜಿನ್ನು: ಕೆಡವಬೇಕಾ, ಟೊರಾಂಟೊ ಮಾಡಬೇಕಾ?

ಪ್ರಶ್ನೆ: ನಮ್ಮದು ರಾಯಚೂರು. ಸ್ಟೇಷನ್ ಕಡೆ ಅಜ್ಜನ ಕಾಲದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ (ಹತ್ತಿಯಿಂದ ಕಾಳು ಬಿಡಿಸೋ ಕಾರ್ಖಾನೆ) ಇದೆ, ಸುಮಾರು ಎರಡು ಎಕರೆ. ಇಪ್ಪತ್ತು ವರ್ಷದಿಂದ ಬಾಗಿಲು ಹಾಕಿದೆ. ಎರಡು ದೊಡ್ಡ ಶೆಡ್ಡು, ಒಂದು ಗೋದಾಮು, ಒಂದು ಚಿಮಣಿ. ನಾವು ನಾಲ್ವರು ಪಾಲುದಾರರು. ಇಬ್ಬರು ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಅಂತಾರೆ. ನನ್ನ ಮಗ ಟೊರಾಂಟೊದಲ್ಲಿದ್ದಾನೆ. ಹೋದ ವರ್ಷ ಅಲ್ಲಿ ‘ಡಿಸ್ಟಿಲರಿ ಡಿಸ್ಟ್ರಿಕ್ಟ್’ ತೋರಿಸಿದ. ಹಳೇ ವಿಸ್ಕಿ ಕಾರ್ಖಾನೆಯಂತೆ, ಈಗ ಜಾತ್ರೆ ಥರ ಜನ ಸೇರ್ತಾರೆ. ನಮ್ಮ ಜಿನ್ನನ್ನೂ ಹಾಗೆ ಮಾಡಬಹುದಾ? ಹಾಕಿದ ದುಡ್ಡು ಬರುತ್ತಾ?

ಉತ್ತರ: ಕೆಡವಬೇಡಿ. ಆದರೆ ಟೊರಾಂಟೊ ಮಾಡಲಿಕ್ಕೂ ಹೋಗಬೇಡಿ. ಹಳೇ ಕಟ್ಟಡ ರಿಪೇರಿ ಮಾಡೋದೇ ನನ್ನ ಕೆಲಸ, ಇರೋದು ಬಳ್ಳಾರಿಯಲ್ಲಿ. ಇಂಥ ಪ್ರಶ್ನೆ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಎಲ್ಲರ ಫೋನಿನಲ್ಲೂ ಯಾವುದೋ ಊರಿನ ಚೆಂದದ ಫೋಟೊ ಇರುತ್ತದೆ. ಕೆಂಪು ಇಟ್ಟಿಗೆ, ಹಳದಿ ಬಲ್ಬು, ಕಾಫಿ ಕುಡಿಯೋ ಜನ. ಆ ಫೋಟೊದಲ್ಲಿ ಕಾಣದೇ ಇರೋದನ್ನು ಮೊದಲು ಹೇಳ್ತೀನಿ.

ನೀವು ನೋಡಿದ್ದು ಗುಡರ್‌ಹ್ಯಾಮ್ ಮತ್ತು ವರ್ಟ್ಸ್ ಕಂಪನಿಯ ಜಾಗ. 1832ರಲ್ಲಿ ಅದು ಶುರುವಾಗಿದ್ದು ಹಿಟ್ಟಿನ ಗಿರಣಿಯಾಗಿ, ಗಾಳಿಯಿಂದ ತಿರುಗೋ ಗಿರಣಿ. ಮಿಕ್ಕ ಧಾನ್ಯ ಏನು ಮಾಡೋದು ಅಂತ 1837ರಲ್ಲಿ ಮದ್ಯ ಭಟ್ಟಿ ಇಳಿಸಲು ತೊಡಗಿದರು. ಭಟ್ಟಿಯಲ್ಲಿ ಉಳಿದ ಚರಟವನ್ನು ದನಗಳಿಗೆ ಹಾಕಿ ಹಾಲಿನ ವ್ಯಾಪಾರವನ್ನೂ ಮಾಡಿದರು. ನಮ್ಮ ಕಡೆ ಜಿನ್ನಿನಲ್ಲಿ ಅರಳೆ ಒಂದು ಕಡೆ, ಹತ್ತಿಕಾಳು ಒಂದು ಕಡೆ. ಕಾಳಿನಿಂದ ಎಣ್ಣೆ, ಉಳಿದ ಹಿಂಡಿ ಎಮ್ಮೆಗೆ. ಲೆಕ್ಕ ಒಂದೇ, ಅಲ್ವಾ? ಹತ್ತೊಂಬತ್ತನೇ ಶತಮಾನದ ಕೊನೆಗೆ ಅದು ಜಗತ್ತಿನ ಅತಿ ದೊಡ್ಡ ಭಟ್ಟಿಗಳಲ್ಲಿ ಒಂದಾಗಿತ್ತು. 1990ರಲ್ಲಿ ಬಾಗಿಲು ಹಾಕಿತು.

ಆಮೇಲೆ ಹದಿಮೂರು ವರ್ಷ ಅಲ್ಲಿ ಏನೂ ‘ಪುನರುಜ್ಜೀವನ’ ಆಗಲಿಲ್ಲ. ಸಿನಿಮಾದವರು ಬಂದು ಶೂಟಿಂಗ್ ಮಾಡಿ ಬಾಡಿಗೆ ಕೊಟ್ಟು ಹೋಗುತ್ತಿದ್ದರು. 2001ರಲ್ಲಿ ಒಂದು ಕಂಪನಿ ಇಡೀ ಜಾಗ ಕೊಂಡಿತು, 2003ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಸುಮಾರು 13 ಎಕರೆ, 40ಕ್ಕೂ ಹೆಚ್ಚು ಹಳೇ ಕಟ್ಟಡ, ಎಲ್ಲ ಒಬ್ಬರ ಕೈಯಲ್ಲಿ. ಒಳಗೆ ಕಾರು ಬಿಡಲಿಲ್ಲ. ಎಲ್ಲ ಊರಲ್ಲೂ ಸಿಗೋ ದೊಡ್ಡ ಬ್ರಾಂಡಿನ ಅಂಗಡಿಗಳಿಗೆ ಜಾಗ ಕೊಡಲಿಲ್ಲ. ಕಲಾವಿದರಿಗೆ ಕಡಿಮೆ ಬಾಡಿಗೆಗೆ ಕೋಣೆ ಸಿಗುವ ಹಾಗೆ ಒಂದು ಸಂಸ್ಥೆಯನ್ನು ಒಳಗೆ ತಂದರು. ನೀವು ಅಲ್ಲಿ ಕಾಲಿಟ್ಟು ನಡೆದ ಇಟ್ಟಿಗೆ ಇದೆಯಲ್ಲ, ಅದು ಆ ಕಾರ್ಖಾನೆಯದ್ದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ತರಿಸಿ ಹಾಸಿದ್ದು!

ಇನ್ನೊಂದು ವಿಷಯ. ಅಂಚಿನಲ್ಲಿ ಮೂವತ್ತು-ನಲವತ್ತು ಮಹಡಿಯ ಅಪಾರ್ಟ್‌ಮೆಂಟ್‌ಗಳು ನಿಂತಿವೆ, ನೋಡಿರಬೇಕು. ಹಳೇ ಕಟ್ಟಡ ಸಾಕೋ ಭಾರದಲ್ಲಿ ಅವೂ ಪಾಲು ಹೊತ್ತಿವೆ. ಬರೀ ಕಾಫಿ ಮಾರಿ ಅಷ್ಟು ದೊಡ್ಡ ಜಾಗ ಸಾಕೋದು ಕಷ್ಟ. ಕಲಾವಿದರಿಗೆ ಜಾಗ ಕೊಟ್ಟಿದ್ದ ಆ ಸಂಸ್ಥೆಯೂ 2023ರಲ್ಲಿ ಸಾಲದಲ್ಲಿ ಮುಳುಗಿತು. ಕಡಿಮೆ ಬಾಡಿಗೆ ಅನ್ನೋದು ಯಾರೋ ಒಬ್ಬರು ಜೇಬಿನಿಂದ ಹಾಕೋ ದುಡ್ಡು.

ನಿಮ್ಮ ಹತ್ತಿರ 13 ಎಕರೆ ಇಲ್ಲ, ಒಬ್ಬ ಮಾಲೀಕನೂ ಇಲ್ಲ, ನಲವತ್ತು ಮಹಡಿ ಕಟ್ಟಿದರೆ ರಾಯಚೂರಿನಲ್ಲಿ ಕೊಳ್ಳೋರೂ ಇಲ್ಲ. ಆದರೆ ಟೊರಾಂಟೊದವರಿಗೆ ಇಲ್ಲದ ಒಂದು ನಿಮಗಿದೆ. ಅವರ ಭಟ್ಟಿ ಸತ್ತುಹೋಗಿತ್ತು. ನಿಮ್ಮ ಸುತ್ತ ಹತ್ತಿ ವ್ಯಾಪಾರ ಇನ್ನೂ ಬದುಕಿದೆ.

ನಿಮ್ಮ ಜಿನ್ನು ಸ್ಟೇಷನ್ ಕಡೆಗೇ ಯಾಕಿದೆ ಅಂತ ಯೋಚಿಸಿದ್ದೀರಾ? 1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ಕಂಪನಿಯ ರೈಲು, ಮದ್ರಾಸ್ ಕಡೆಯಿಂದ ಬಂದ ರೈಲು, ಎರಡೂ ರಾಯಚೂರಿನಲ್ಲೇ ಕೂಡಿದವು. ಕೃಷ್ಣಾ-ತುಂಗಭದ್ರೆಯ ನಡುವಿನ ಎರೆ ನೆಲದ ಹತ್ತಿಗೆ ಎರಡು ಸಮುದ್ರದ ದಾರಿ ಒಟ್ಟಿಗೇ ತೆರೆಯಿತು. ಬಿಡಿ ಹತ್ತಿಯನ್ನು ವ್ಯಾಗನ್‌ಗೆ ತುಂಬಿದರೆ ಗಾಳಿಯನ್ನೇ ಸಾಗಿಸಿದ ಹಾಗೆ. ಅದಕ್ಕೇ ಕಾಳು ತೆಗೆದು, ಪ್ರೆಸ್ಸಿನಲ್ಲಿ ಒತ್ತಿ, ಅಂಡಿಗೆ (ಬೇಲ್) ಕಟ್ಟಿ ಕಳಿಸಬೇಕು. ಈಗಲೂ ಒಂದು ಅಂಡಿಗೆ ಅಂದರೆ 170 ಕಿಲೊ. ಕ್ವಿಂಟಲ್ ಹತ್ತಿ ಹಾಕಿದರೆ ಅರಳೆ ಸಿಗೋದು ಮೂರರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಹೆಚ್ಚುಕಡಿಮೆ ಕಾಳು. ಕಾಳನ್ನು ಊರಲ್ಲೇ ಬಿಟ್ಟು ಅರಳೆ ಮಾತ್ರ ರೈಲಿಗೆ ಹಾಕೋದು ಲಾಭ. ಹಾಗಾಗಿ ಜಿನ್ನು, ಪ್ರೆಸ್ಸು, ಎಣ್ಣೆ ಮಿಲ್ಲು, ದಲಾಲಿ ಅಂಗಡಿ, ಹಮಾಲರ ಮನೆ, ಚಹದ ಅಂಗಡಿ ಎಲ್ಲ ಒಂದರ ಪಕ್ಕ ಒಂದು ಬಂದವು.

ಮತ್ತೆ ಯಾಕೆ ಮುಚ್ಚಿದವು? ಲಾರಿ ಬಂತು, ಸ್ಟೇಷನ್ ಬೇಡವಾಯಿತು. 2000ದಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಶುರು ಮಾಡಿ, ಜಿನ್ನುಗಳನ್ನು ಆಧುನಿಕ ಮಾಡಲು ನೆರವು ಕೊಟ್ಟಿತು. ಹೊಸ ಜಿನ್ನಿಗೆ ದೊಡ್ಡ ಅಂಗಳ ಬೇಕು, ಲಾರಿ ತಿರುಗೋ ಜಾಗ ಬೇಕು. ಎಲ್ಲರೂ ಹೈವೇ ಕಡೆ ಹೋದರು. ಊರೊಳಗಿನ ಜಿನ್ನುಗಳಿಗೆ ಬೀಗ ಬಿತ್ತು. ನಿಮ್ಮದಕ್ಕೆ ಬೀಗ ಬಿದ್ದಿದ್ದೂ ಹೆಚ್ಚುಕಡಿಮೆ ಆಗಲೇ. ಅಜ್ಜನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ.

ಆದರೆ ಗಂಜ್, ಅಂದರೆ ಹತ್ತಿ-ಕಾಳು ಮಾರೋ ಮಾರುಕಟ್ಟೆ, ಎಲ್ಲಿಗೂ ಹೋಗಿಲ್ಲ. ಸೀಜನ್ನಿನಲ್ಲಿ ರಾಜೇಂದ್ರ ಗಂಜ್ ಹತ್ತಿರ ನಿಂತು ನೋಡಿ. ಮಾನ್ವಿ, ದೇವದುರ್ಗ, ಲಿಂಗಸುಗೂರು, ಗಡಿಯಾಚೆಯ ತೆಲುಗು ಹಳ್ಳಿಗಳ ಟ್ರ್ಯಾಕ್ಟರು ಸಾಲಾಗಿ ನಿಂತಿರುತ್ತವೆ. ರೈತ ರಾತ್ರಿಯೇ ಬಂದು ಟ್ರ್ಯಾಕ್ಟರ್ ಕೆಳಗೆ ಮಲಗುತ್ತಾನೆ. ಅವನಿಗೆ ಕೂರಲು ನೆರಳಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ, ಊಟ ಅಂದರೆ ರಸ್ತೆ ಬದಿಯ ಬಂಡಿ. ನಿಮ್ಮ ಗಿರಾಕಿ ಯಾರು ಅಂತ ಕೇಳಿದರೆ, ನನ್ನ ಮೊದಲ ಉತ್ತರ ಅವನೇ. ಫೋಟೊದಲ್ಲಿ ಕಾಫಿ ಕುಡಿಯೋ ಹುಡುಗ ಎರಡನೆಯವನು.

ಈಗ ಕಟ್ಟಡದ ಮಾತು. ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ. ದುಡ್ಡು ಉಳಿಯೋದೂ ಹಾಳಾಗೋದೂ ಇಲ್ಲೇ.

ಒಂದು ಬೀಗದ ಕೈ ತಗೊಂಡು ಗೋಡೆಯ ಇಟ್ಟಿಗೆ ಸಂದಿಯನ್ನು ಕೆರೆದು ನೋಡಿ. ಬಿಳಿ ಚುಕ್ಕಿಗಳಿರೋ ಮೆತ್ತಗಿನ ಪುಡಿ ಉದುರಿದರೆ ಅದು ಸುಣ್ಣದ ಗಾರೆ. ಕೈ ಜಾರಿ ಬರೀ ಬೂದು ಗೀರು ಬಿದ್ದರೆ ಯಾರೋ ನಡುವೆ ಸಿಮೆಂಟ್ ಮೆತ್ತಿದ್ದಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ. ನೆಲದ ತೇವ ಮೇಲೇರಿದರೂ ಹೊರಗೆ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಹಚ್ಚಿದರೆ ತೇವ ಒಳಗೇ ಕೂರುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ತಿನ್ನುತ್ತದೆ. ಬಳ್ಳಾರಿಯಲ್ಲಿ ಒಂದು ಗೋದಾಮಿಗೆ ನಾನು ‘ಸುಣ್ಣವೇ ಆಗಬೇಕು’ ಅಂತ ಬರೆದುಕೊಟ್ಟು ಬಂದಿದ್ದೆ. ಮೇಸ್ತ್ರಿಗೆ ಅವಸರ, ಮಾಲೀಕರಿಗೆ ಮದುವೆ ಸೀಜನ್ ಒಳಗೆ ಬಾಡಿಗೆಗೆ ಕೊಡೋ ಆಸೆ. ಸಿಮೆಂಟ್ ಮೆತ್ತಿ, ಬಣ್ಣ ಹೊಡೆದು, ನನಗೆ ಫೋಟೊ ಕಳಿಸಿದರು. ಚೆನ್ನಾಗೇ ಕಾಣುತ್ತಿತ್ತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆ ಹಪ್ಪಳದ ಹಾಗೆ ಉಬ್ಬಿತು. ತಟ್ಟಿದರೆ ಡೊಳ್ಳು ಸದ್ದು. ಕಿತ್ತು ಮತ್ತೆ ಸುಣ್ಣ ಮಾಡಿಸಿದಾಗ ಖರ್ಚು ಎರಡು ಪಟ್ಟಾಗಿತ್ತು. ತಪ್ಪು ನನ್ನದೂ ಇತ್ತು. ಕಾಗದ ಕೊಟ್ಟು ಸುಮ್ನೆ ಬರಬಾರದಿತ್ತು, ನಿಂತು ಮಾಡಿಸಬೇಕಿತ್ತು.

ಸುಣ್ಣದ ಕೆಲಸ ನಿಧಾನ. ಸುಣ್ಣ ನೆನೆಹಾಕಬೇಕು, ಕೊಳೆಯಲು ಬಿಡಬೇಕು. ಹಳೇ ಪದ್ಧತಿಯವರು ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಾರೆ. ಹಚ್ಚಿದ ಮೇಲೆ ವಾರಗಟ್ಟಲೆ ತೇವ ಆರದ ಹಾಗೆ ನೋಡಿಕೊಳ್ಳಬೇಕು. ರಾಯಚೂರಿನ ಬೇಸಿಗೆಯಲ್ಲಿ ಶುರು ಮಾಡಿದರೆ ಮಧ್ಯಾಹ್ನದೊಳಗೆ ಒಣಗಿ ಬಿರುಕು ಬಿಡುತ್ತದೆ. ನವೆಂಬರ್‌ನಿಂದ ಫೆಬ್ರುವರಿ, ಅಷ್ಟೇ ನಿಮ್ಮ ಕಾಲ.

ಆಮೇಲೆ ಬಿರುಕುಗಳು. ಅಡಿಯಲ್ಲಿ ಎರೆ ಮಣ್ಣಿದ್ದರೆ ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಗೋಡೆಯೂ ಜೊತೆಗೆ ಆಡುತ್ತದೆ. ಬಿರುಕು ಕಂಡ ಕೂಡಲೇ ‘ಕಟ್ಟಡ ಬೀಳುತ್ತೆ’ ಅನ್ನೋ ಇಂಜಿನಿಯರ್ ಮಾತು ಪೂರ್ತಿ ನಂಬಬೇಡಿ. ಮುಚ್ಚಿಬಿಟ್ಟರೆ ಆಯಿತು ಅನ್ನೋ ಮೇಸ್ತ್ರಿಯನ್ನಂತೂ ನಂಬಲೇಬೇಡಿ. ತೆಳ್ಳನೆಯ ಗಾಜಿನ ಪಟ್ಟಿ ಕತ್ತರಿಸಿ, ಬಿರುಕಿಗೆ ಅಡ್ಡಲಾಗಿ ಎರಡೂ ಕಡೆ ಪ್ಲಾಸ್ಟರ್‌ನಿಂದ ಕೂರಿಸಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ವಾಸಿಯಾಗಿದೆ. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಪಾಯ ನೋಡಬೇಕು. ಎಷ್ಟೋ ಸಲ ತಪ್ಪು ಪಾಯದ್ದಾಗಿರಲ್ಲ. ಮುರಿದ ಮಳೆನೀರಿನ ಕೊಳವೆ ಗೋಡೆ ಬುಡಕ್ಕೇ ನೀರು ಸುರಿಯುತ್ತಿರುತ್ತದೆ, ಅಷ್ಟೇ.

ಒಳಗಿನ ಕಂಬಗಳನ್ನು ತಟ್ಟಿ ನೋಡಿ. ಗಂಟೆಯ ಹಾಗೆ ನಾದ ಬಂದರೆ ಬೀಡು ಕಬ್ಬಿಣದ್ದು. ಭಾರ ಹೊರೋದರಲ್ಲಿ ಗಟ್ಟಿ, ಆದರೆ ಪೆಡಸು. ಅದಕ್ಕೆ ವೆಲ್ಡಿಂಗ್ ಮಾಡಲು ಸಿಕ್ಕಸಿಕ್ಕವರನ್ನು ಬಿಡಬೇಡಿ, ಸೀಳಿಬಿಡುತ್ತದೆ. ಉಕ್ಕಿನ ತೊಲೆಗಳ ಮೇಲಿನ ಧೂಳು ಒರೆಸಿದರೆ ಅಚ್ಚು ಹಾಕಿದ ಇಂಗ್ಲಿಷ್ ಅಕ್ಷರ ಸಿಗಬಹುದು. ಆ ಕಾಲದ ತೊಲೆಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಮಿಡಲ್ಸ್‌ಬರೊದ ಡಾರ್ಮನ್ ಲಾಂಗ್ ಕಂಪನಿಯವು. ಜಿನ್ ಯಂತ್ರ ಏನಾದರೂ ಮೂಲೆಯಲ್ಲಿ ಉಳಿದಿದ್ದರೆ ಅದರ ಹೆಸರೂ ಓದಿ, ಓಲ್ಡಮ್ಮಿನ ಪ್ಲಾಟ್ ಬ್ರದರ್ಸ್ ಇದ್ದರೂ ಇರಬಹುದು. ಗುಜರಿಯವನು ಕಿಲೊ ಲೆಕ್ಕದಲ್ಲಿ ಕೇಳುತ್ತಾನೆ. ಕೊಡಬೇಡಿ. ಒಂದನ್ನಾದರೂ ತಿರುಗುವ ಸ್ಥಿತಿಗೆ ತಂದರೆ ಶಾಲೆ ಮಕ್ಕಳು ಅದನ್ನು ನೋಡಲಿಕ್ಕೇ ಬರುತ್ತಾರೆ.

ಮಾಡಿನ ವಿಷಯದಲ್ಲಿ ಹುಷಾರು. ಶೆಡ್ಡಿನ ಮಾಡು ಗರಗಸದ ಹಲ್ಲಿನ ಥರ ಇದ್ದು, ಗಾಜು ಉತ್ತರಕ್ಕೆ ಮುಖ ಮಾಡಿದ್ದರೆ ನೀವು ಅದೃಷ್ಟವಂತರು. ನೇರ ಬಿಸಿಲು ಬರದೆ ದಿನವಿಡೀ ಬೆಳಕು ಬರುತ್ತದೆ. ಹಗಲು ಲೈಟಿನ ಬಿಲ್ಲೇ ಇಲ್ಲ. ಆದರೆ ಮೇಲೆ ‘ಸಿಮೆಂಟ್ ಶೀಟು’ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಡೆಯಬೇಡಿ, ಡ್ರಿಲ್ ಹಾಕಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷದ ಮೇಲೆ ರೋಗ ತೋರಿಸುತ್ತದೆ. ಒದ್ದೆ ಮಾಡಿ, ಇಡಿಯಾಗಿ ಇಳಿಸಿ ಸುತ್ತಬೇಕು. ಈ ಕೆಲಸ ಗೊತ್ತಿರೋರಿಗೇ ಕೊಡಿ.

ಬೆಂಕಿ. ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಜಿನ್ನು ನಿಂತು ಇಪ್ಪತ್ತು ವರ್ಷ ಆದರೂ ಮಾಡು ಹೊರೋ ಟ್ರಸ್ಸಿನ ಮೇಲೆ, ಗೋಡೆಯ ಗೂಡಿನಲ್ಲಿ ಅರಳೆ ಇರುತ್ತದೆ. ಒಂದು ಹಳೇ ಶೆಡ್ಡಿನಲ್ಲಿ ಏಣಿ ಹತ್ತಿ ತೊಲೆ ಮೇಲೆ ಕೈಯಾಡಿಸಿದ್ದೆ. ಬೆರಳು ಮುಳುಗುವಷ್ಟು ಬೂದು ಹಾಸಿಗೆ. ಜೇಡರ ಬಲೆ, ಪಾರಿವಾಳದ ಗರಿ, ಹತ್ತಿ, ಎಣ್ಣೆ ಜಿಡ್ಡು ಎಲ್ಲ ಸೇರಿ ಕಂಬಳಿಯಾಗಿತ್ತು. ಕೆಳಗೆ ಒಬ್ಬ ವೆಲ್ಡರ್ ಆಗಲೇ ಸಿಲಿಂಡರ್ ಇಳಿಸುತ್ತಿದ್ದ! ಮೊದಲು ಗುಡಿಸಿ, ಆಮೇಲೆ ಉಳಿದದ್ದು. ಮುಂಬೈಯ ಕಮಲಾ ಮಿಲ್ಸ್ ಕಥೆ ಗೊತ್ತಲ್ಲ. ಬಟ್ಟೆ ಗಿರಣಿಯ ಆವರಣ, ಆಫೀಸು-ಹೋಟೆಲುಗಳ ತಾಣವಾಗಿ ಹೆಸರು ಮಾಡಿತ್ತು. 2017ರ ಡಿಸೆಂಬರ್ 29ರಂದು, ಇನ್ನೇನು ಹೊಸ ವರ್ಷ ಅನ್ನುವಾಗ, ಮೇಲ್ಮಹಡಿಯ ಹೋಟೆಲಿಗೆ ಬೆಂಕಿ ಬಿದ್ದು 14 ಜನ ಸತ್ತರು. ಜನ ಸೇರೋ ಜಾಗಕ್ಕೆ ಎರಡು ಕಡೆ ಅಗಲವಾದ ದಾರಿ, ಹೊಸ ವೈರಿಂಗು, ನೀರಿನ ಟ್ಯಾಂಕು ಇಲ್ಲದೆ ದೀಪ ಹಚ್ಚಬೇಡಿ. ಚೆಂದಕ್ಕೆ ಅಂತ ಬಿದಿರು, ಬಟ್ಟೆ, ಪ್ಲಾಸ್ಟಿಕ್ ಬಳ್ಳಿ ಮೇಲೆ ಕಟ್ಟೋದಂತೂ ಬೇಡವೇ ಬೇಡ.

ಮುಂಬೈ ಗಿರಣಿಗಳಿಂದ ಇನ್ನೂ ಒಂದು ಕಲಿಯೋದಿದೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಶುರುವಾದ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದಿದ್ದರು. ಆಮೇಲೆ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ. 1991ರ ನಿಯಮದ ಪ್ರಕಾರ ಗಿರಣಿ ಜಾಗ ಮಾರಿದರೆ ಒಂದು ಪಾಲು ಮಾಲೀಕರಿಗೆ, ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ಮನೆಗೆ. 2001ರಲ್ಲಿ ತಿದ್ದುಪಡಿ ಬಂತು. ಕಟ್ಟಡ ಇಲ್ಲದ ಖಾಲಿ ಜಾಗವನ್ನು ಮಾತ್ರ ಲೆಕ್ಕ ಹಾಕಿದರು. ಗಿರಣಿಗಳಲ್ಲಿ ಖಾಲಿ ಜಾಗ ಎಲ್ಲಿರುತ್ತೆ? ಊರಿಗೆ ಸಿಕ್ಕಿದ್ದು ಚೂರುಪಾರು, ಉಳಿದದ್ದು ಮಾಲು, ಟವರು. ಅಲ್ಲೇ ಹುಟ್ಟಿ ಬೆಳೆದವರಿಗೆ ಅಲ್ಲಿ ಚಹ ಕುಡಿಯಲಿಕ್ಕೂ ಆಗದ ಹಾಗಾಯಿತು. ಇದನ್ನು ‘ಅಭಿವೃದ್ಧಿ’ ಅಂತ ಕರೆಯಲು ನನಗೆ ಬಾಯಿ ಬರಲ್ಲ.

ನಮ್ಮ ಬಳ್ಳಾರಿಯಲ್ಲೂ ಒಬ್ಬ ಕೇಳಿದ್ದರು, ಕೌಲ್ ಬಜಾರನ್ನು ‘ಹೆರಿಟೇಜ್ ಸ್ಟ್ರೀಟ್’ ಮಾಡಬಹುದಾ ಅಂತ. ಅಲ್ಲಿ ಮನೆ ಮನೆಯಲ್ಲಿ ಜೀನ್ಸ್ ಹೊಲಿಯೋ ಮಿಷನ್ ಓಡುತ್ತಿದೆಯಪ್ಪ, ಅದೇ ಹೆರಿಟೇಜು ಅಂದೆ. ಬದುಕಿರೋದನ್ನು ಯಾಕೆ ಬದುಕಿಸಬೇಕು?

ನಿಮಗೆ ಹತ್ತಿರದ ಮಾದರಿ ಬೇಕಿದ್ದರೆ ಟೊರಾಂಟೊಗಿಂತ ಕೊಚ್ಚಿ ನೋಡಿ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ 1867ರ ಒಂದು ವ್ಯಾಪಾರಿ ಕಂಪನಿಯ ಜಾಗ, ಸಮುದ್ರದ ದಡದಲ್ಲಿದೆ. 2012ರ ಡಿಸೆಂಬರಿನಲ್ಲಿ ಅಲ್ಲೂ, ಸುತ್ತಲಿನ ಗೋದಾಮುಗಳಲ್ಲೂ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ಶುರುವಾಯಿತು. ಗೋಡೆಗೆ ಪಾಲಿಷ್ ಹಾಕಲಿಲ್ಲ. ಸಂಬಾರ ಗೋದಾಮನ್ನು ಗೋದಾಮಿನ ಹಾಗೇ ಬಿಟ್ಟು ಒಳಗೆ ಕಲೆ ಇಟ್ಟರು. ಮೊದಲು ಕೆಲವು ತಿಂಗಳ ಕೆಲಸ, ಆಮೇಲೆ ಉಳಿದದ್ದು.

ನೀವೂ ಹಾಗೇ ಮಾಡಿ. ಮೊದಲ ವರ್ಷ ಒಂದೇ ಶೆಡ್ಡು. ಮಾಡು ಸೋರದ ಹಾಗೆ, ನೆಲದ ಶಹಾಬಾದ್ ಕಲ್ಲು ಕೂರುವ ಹಾಗೆ, ಶೌಚಾಲಯ, ಕುಡಿಯೋ ನೀರು, ವೈರಿಂಗು. ಗೋಡೆ ಅಲಂಕಾರ ಆಮೇಲೆ. ಅದನ್ನು ಓದೋ ಕೋಣೆಯಾಗಿ ಬಾಡಿಗೆಗೆ ಕೊಡಬಹುದು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಐಐಐಟಿ ಬಂತು. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ-ಹುಡುಗಿಯರು ಬೇರೆ. ಎತ್ತರದ ಮಾಡು, ದಪ್ಪ ಗೋಡೆ, ಉತ್ತರದ ಬೆಳಕು. ತಿಂಗಳ ಬಾಡಿಗೆ ಕೊಟ್ಟು ಕೂರುತ್ತಾರೆ. ಇದು ಫೋಟೊಗೆ ಚೆಂದ ಕಾಣಲ್ಲ, ದುಡ್ಡು ಮಾತ್ರ ಬರುತ್ತದೆ.

ಗೋದಾಮಿನಲ್ಲಿ ಜೋಳದ ರೊಟ್ಟಿ ಮಾಡೋ ಮಹಿಳಾ ಸಂಘಕ್ಕೆ ಅಡುಗೆಮನೆ ಕೊಡಿ. ಗಂಜ್‌ಗೆ ಬರೋ ರೈತನಿಗೆ ಮಧ್ಯಾಹ್ನದ ಊಟ ಅಲ್ಲೇ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ನೆರಳಲ್ಲಿ ಬೆಂಚು. ಅಂಗಳ ಸಂಜೆ ಆರರ ಮೇಲೆ ತೆರೆಯಿರಿ. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮೂರಕ್ಕೆ ಇಟ್ಟಿಗೆ ಹಾಸಿದ ಅಂಗಳದಲ್ಲಿ ಯಾರು ತಿರುಗುತ್ತಾರೆ? ಟೊರಾಂಟೊದ ಜನ ಚಳಿಗೆ ಕೋಟು ಹಾಕಿ ಕ್ರಿಸ್‌ಮಸ್ ಸಂತೆಗೆ ಬರುತ್ತಾರೆ. ನಮ್ಮವರು ಬೇಸಿಗೆಯಲ್ಲಿ ರಾತ್ರಿ ಊಟದ ಮೇಲೆ ಗಾಳಿಗೆ ಹೊರಡುತ್ತಾರೆ. ಎರಡು ಬೇವಿನ ಗಿಡ ಇವತ್ತೇ ಹಾಕಿ, ಆದರೆ ಗೋಡೆಯಿಂದ ದೂರ. ಬೇರು ಎರೆ ಮಣ್ಣಿನ ನೀರು ಹೀರಿದರೆ ಮತ್ತೆ ಬಿರುಕಿನ ಕಥೆ.

ಕಾಗದಪತ್ರದ ಕೆಲಸ ಎರಡು ಮಾತಲ್ಲಿ. ನಗರದ ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನೋಡಿ. ಕೈಗಾರಿಕೆ ಅಂತಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು, ಕೊನೆಯಲ್ಲಿ ಹೇಳೋ ಮೂರು ಕೆಲಸ ಬಿಟ್ಟು, ಒಂದು ರೂಪಾಯಿಯನ್ನೂ ಕಟ್ಟಡಕ್ಕೆ ಹಾಕಬೇಡಿ. ಜಾಗ ಅಜ್ಜನ ಸ್ವಂತದ್ದಾ, ಗುತ್ತಿಗೆಯದ್ದಾ ಅಂತ ಮೂಲ ಕಾಗದ ತೆಗೆದು ನೋಡಿ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುತ್ತದೆ, ಓದಿಸಿ.

ನಿಜವಾದ ತೊಡಕು ನಾಲ್ಕು ಪಾಲು. ಟೊರಾಂಟೊದಲ್ಲಿ ಕೆಲಸ ನಡೆದದ್ದು ಒಬ್ಬರ ಮಾತು ನಡೆದದ್ದರಿಂದ. ನೀವು ಒಬ್ಬೊಬ್ಬರು ಅರ್ಧರ್ಧ ಎಕರೆ ಗೆರೆ ಎಳೆದುಕೊಂಡರೆ ಒಂದು ಶೆಡ್ಡು ಇಬ್ಬರ ಪಾಲಿಗೆ ಸೀಳಿಹೋಗುತ್ತದೆ. ನಾಲ್ವರೂ ಸೇರಿ ಒಂದು ಸಂಸ್ಥೆ ಮಾಡಿ, ಜಾಗ ಅದರ ಹೆಸರಿಗೆ ಬರಲಿ, ಬಾಡಿಗೆ ಪಾಲಿನ ಪ್ರಕಾರ ಹಂಚಿಕೊಳ್ಳಿ. ಕಾಂಪ್ಲೆಕ್ಸ್ ಬೇಕು ಅನ್ನೋ ಇಬ್ಬರ ಮಾತೂ ಪೂರ್ತಿ ತಪ್ಪಲ್ಲ. ರಸ್ತೆ ಬದಿಯ ಖಾಲಿ ಮೂಲೆಯಲ್ಲಿ ಎರಡು ಮಹಡಿ ಅಂಗಡಿ ಕಟ್ಟಲಿ. ಚಿಮಣಿ ಕಾಣುವ ಹಾಗೆ ಕಟ್ಟಲಿ, ಅಷ್ಟೇ. ಆ ಅಂಗಡಿ ಬಾಡಿಗೆಯೇ ಹಳೇ ಶೆಡ್ಡಿನ ಸುಣ್ಣದ ಖರ್ಚು ಹೊರಬೇಕು.

ದುಡ್ಡು ಬರುತ್ತಾ ಅಂತ ಕೇಳಿದ್ದಿರಿ. ಕೆಡವಿ ಮಾರಿದಷ್ಟು ಒಂದೇ ಸಲ ಬರಲ್ಲ. ಮೊದಲ ಮೂರು ವರ್ಷ ಶೆಡ್ಡಿನ ಬಾಡಿಗೆ ಶೆಡ್ಡಿಗೇ ಹೋಗುತ್ತದೆ. ಇದನ್ನು ಪಾಲುದಾರರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಸದ್ಯಕ್ಕೆ ಮಳೆಗಾಲಕ್ಕೆ ಮೊದಲು ಮೂರು ಕೆಲಸ ಮಾಡಿ. ಮಳೆನೀರಿನ ಕೊಳವೆ ಸರಿಮಾಡಿಸಿ. ಟ್ರಸ್ಸಿನ ಮೇಲಿನ ಅರಳೆ ಗುಡಿಸಿಸಿ, ಗುಡಿಸೋರಿಗೆ ಮೂಗಿಗೆ ಮಾಸ್ಕ್ ಕೊಡಿ. ದೊಡ್ಡ ಬಿರುಕುಗಳಿಗೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ದೀಪಾವಳಿ ಹೊತ್ತಿಗೆ ಆ ಗಾಜುಗಳ ಫೋಟೊ ಕಳಿಸಿ, ಪಾಯದ ಮಾತು ಆಗ ಆಡೋಣ.